ಟಾರ್ಚು ಹಿಡಿದವಳು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಗಿಟಾರು ಆರು ವರ್ಷ ಮಲಗಿತ್ತು. ಮಗ ಇಂಜಿನಿಯರಿಂಗ್ ಓದುವಾಗ ಹಟ ಹಿಡಿದು ಕೊಂಡದ್ದು. ಕೆಲಸ ಸಿಕ್ಕಿ ಪುಣೆಗೆ ಹೊರಟಾಗ ಅವನ ಸಾಮಾನಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಲೆನಾಡಿನ ಆರು ಮಳೆಗಾಲ ಕಂಡ ಮರ ಸುಮ್ಮನಿದ್ದೀತೆ? ಒಂದು ದಸರಾ ರಜೆಯಲ್ಲಿ ಧೂಳು ಒರೆಸಲೆಂದು ಕೆಳಗಿಳಿಸಿ ನೋಡಿದರೆ ಅದರ ಕತ್ತು ಮುಂದಕ್ಕೆ ಬಾಗಿತ್ತು. ತಂತಿಗಳು ಮೆಟ್ಟುಗಳಿಂದ ಎಷ್ಟೋ ಮೇಲೆದ್ದು ನಿಂತಿದ್ದವು. ಬೆರಳಿಟ್ಟು ಒತ್ತಿದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಅಷ್ಟು ನೋವು ತಿಂದರೂ ಹೊರಡುವುದು ಅಪಸ್ವರ.

ಪಕ್ಕದ ದೊಡ್ಡ ಊರಿನ ವಾದ್ಯದ ಅಂಗಡಿಗೆ ಅದನ್ನು ಹೊತ್ತುಕೊಂಡು ಹೋದೆ. ಅಂಗಡಿಯಾತ ಒಂದು ಕಣ್ಣು ಮುಚ್ಚಿ ಅದರ ಕತ್ತಿನುದ್ದಕ್ಕೂ ನೋಡಿ, "ರಿಪೇರಿಗೆ ಕೊಡೋ ದುಡ್ಡಿಗೆ ಹೊಸದೇ ಬರುತ್ತಮ್ಮ" ಎಂದ. ಹಾಗಾದರೆ ನಾನೇ ಸರಿ ಮಾಡಲು ಬರುವುದಿಲ್ಲವೇ ಎಂದು ಕೇಳಿದೆ. ಆತ ನಕ್ಕ. "ಇದೆಲ್ಲ ಹೆಂಗಸರ ಕೈಲಿ ಆಗೋ ಕೆಲಸ ಅಲ್ಲಮ್ಮ. ಗೋಡೆಗೆ ತೂಗುಹಾಕಿ, ಚೆನ್ನಾಗಿ ಕಾಣುತ್ತೆ."

ಆತ ಒರಟಾಗಿ ಹೇಳಲಿಲ್ಲ. ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಮಾತ್ರ ನನಗೆ ನಮ್ಮಪ್ಪಯ್ಯನ ನೆನಪಾಯಿತು. ಅವರು ಅಂಚೆ ಕಚೇರಿಯಲ್ಲಿ ಗುಮಾಸ್ತರು. ಸಂಜೆಯ ಹವ್ಯಾಸ ಹಾರ್ಮೋನಿಯಂ ರಿಪೇರಿ. ಯಕ್ಷಗಾನ, ಭಜನೆ, ನಾಟಕ ಎಂದು ಸುತ್ತಲಿನ ಹಳ್ಳಿಗಳ ಕೆಟ್ಟ ಪೆಟ್ಟಿಗೆಗಳೆಲ್ಲ ನಮ್ಮ ಜಗುಲಿಗೆ ಬರುತ್ತಿದ್ದವು. ಅಣ್ಣ ಪಕ್ಕದಲ್ಲಿ ಕೂತು ಸ್ಕ್ರೂ ಡ್ರೈವರು, ಅರ ಎತ್ತಿಕೊಡುತ್ತಿದ್ದ. ನನ್ನ ಕೆಲಸ ಟಾರ್ಚು ಹಿಡಿಯುವುದು. ಹಿತ್ತಾಳೆಯ ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ ಎಂಬುದನ್ನು ಬೆಳಕು ಬಿಡುತ್ತ ಬಿಡುತ್ತಲೇ ಕಲಿತೆ. ಒಮ್ಮೆ ಆಸೆಯಿಂದ ಕೈ ಚಾಚಿದಾಗ ಅಪ್ಪಯ್ಯ, "ನೀನು ಟಾರ್ಚು ನೆಟ್ಟಗೆ ಹಿಡಿ ಮಗಾ" ಎಂದರು. ಅಣ್ಣನಿಗೆ ಆ ಕೆಲಸದಲ್ಲಿ ಆಸಕ್ತಿ ಹುಟ್ಟಲೇ ಇಲ್ಲ. ಅಪ್ಪಯ್ಯನ ಜೊತೆಗೆ ಅವರ ವಿದ್ಯೆಯೂ ಹೋಯಿತು.

ಯಾವ ಕೆಲಸ ಯಾರದ್ದು ಎಂದು ನಿರ್ಧರಿಸುವವರು ಯಾರು? ಇತಿಹಾಸ ಪಾಠ ಮಾಡಿ ಹೊಟ್ಟೆ ಹೊರೆಯುವವಳಾದ್ದರಿಂದ ನನಗೆ ಹೊಳೆದ ದಾರಿ ಒಂದೇ. ಮೊದಲು ಓದುವುದು, ಆಮೇಲೆ ಕೈ ಹಚ್ಚುವುದು. ಓದುತ್ತ ಹೋದಂತೆ ಒಂದು ತಮಾಷೆ ಕಂಡಿತು. ಗಿಟಾರಿನ ಇತಿಹಾಸದ ತುಂಬ ಇದೇ ಜಗಳವಿದೆ.

ಜರ್ಮನಿಯ ಸ್ಯಾಕ್ಸನಿಯಲ್ಲಿ ಮಾರ್ಕ್‌ನಾಯ್‌ಕಿರ್ಖೆನ್ ಎಂಬ ಸಣ್ಣ ಊರಿದೆ. ನಮ್ಮ ಚನ್ನಪಟ್ಟಣ ಬೊಂಬೆಗಳಿಗೆ ಹೇಗೋ ಅದು ವಾದ್ಯಗಳಿಗೆ ಹಾಗೆ. ಅಲ್ಲಿ ಪಿಟೀಲು ಮಾಡುವವರು 1677ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡಿದ್ದರು. ಯಾರು ಕಸುಬು ಕಲಿಯಬಹುದು, ಯಾರು ಮಾಡಿ ಮಾರಬಹುದು ಎಂದು ಕಟ್ಟಳೆ ಹಾಕುವ ಅಧಿಕಾರವಿದ್ದ ಸಂಘ ಅದು. ಗಿಟಾರು ಆ ಊರಿಗೆ ಬಂದದ್ದು ನೂರು ವರ್ಷದ ಮೇಲೆ. ಅದನ್ನು ಮಾಡತೊಡಗಿದವರು ಮೇಜು, ಬೀರು ಮಾಡುವ ಬಡಗಿಗಳು. ಗಿರಾಕಿ ಹೆಚ್ಚಿದಂತೆ ಪಿಟೀಲಿನವರ ಕಣ್ಣು ಕೆಂಪಾಯಿತು. ವಾದ್ಯ ಮಾಡುವುದು ನಮ್ಮ ಹಕ್ಕು, ಬಡಗಿಗಳು ತಮ್ಮ ಪೀಠೋಪಕರಣ ನೋಡಿಕೊಳ್ಳಲಿ ಎಂದು 1826ರಲ್ಲಿ ಒಮ್ಮೆ, 1832ರಲ್ಲಿ ಮತ್ತೊಮ್ಮೆ ಸರ್ಕಾರಕ್ಕೆ ದೂರು ಕೊಟ್ಟರು. ಬಡಗಿಗಳ ವಾದ ಸರಳವಾಗಿತ್ತು. ನಿಮ್ಮ ಕಟ್ಟಳೆ ಬರೆದಾಗ ಗಿಟಾರೇ ಇಲ್ಲಿರಲಿಲ್ಲ, ಇಲ್ಲದ್ದರ ಮೇಲೆ ಹಕ್ಕು ಎಲ್ಲಿಂದ ಬಂತು? ತೀರ್ಪು ಬಡಗಿಗಳ ಕಡೆಗೇ ಆಯಿತು.

ಆ ಬಡಗಿಗಳ ಪೈಕಿ ಒಬ್ಬ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್. ಹುಟ್ಟಿದ್ದು 1796ರಲ್ಲಿ. ವಿಯೆನ್ನಾಕ್ಕೆ ಹೋಗಿ ಸ್ಟೌಫರ್ ಎಂಬ ಹೆಸರಾಂತ ಗಿಟಾರು ತಯಾರಕನ ಬಳಿ ದುಡಿದು ಬಂದವನು. ಗೆದ್ದರೂ ಆ ಊರಿನಲ್ಲಿ ಇರಲು ಅವನಿಗೆ ಮನಸ್ಸು ಬರಲಿಲ್ಲ. 1833ರಲ್ಲಿ ಹೆಂಡತಿ ಮಕ್ಕಳೊಡನೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು ಅಂಗಡಿ ಹಾಕಿದ. ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯದ ನಜರೆತ್ ಎಂಬ ಊರಿಗೆ ಹೋಗಿ ನೆಲೆಸಿದ. ಮಾರ್ಟಿನ್ ಎಂಬ ಹೆಸರಿನಲ್ಲಿ ಅಲ್ಲಿ ಇಂದಿಗೂ ಗಿಟಾರುಗಳು ತಯಾರಾಗುತ್ತಿವೆ. ಬಡಗಿಗೇಕೆ ವಾದ್ಯದ ಉಸಾಬರಿ ಎನಿಸಿಕೊಂಡವನ ಮಕ್ಕಳು, ಮೊಮ್ಮಕ್ಕಳು ಅದನ್ನೇ ತಲೆತಲಾಂತರಕ್ಕೂ ಮನೆತನದ ಕಸುಬು ಮಾಡಿಕೊಂಡರು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಬೇಕು. ಗಿಟಾರಿನ ಬೆನ್ನಿಗೆ, ಪಕ್ಕೆಗೆ ಮಾರ್ಟಿನ್ ಕಂಪನಿಯವರು ಬಹುಕಾಲ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. ಅಲ್ಲಿಂದ ದಿಮ್ಮಿ ಬರುವುದು ನಿಂತಾಗ, 1969ರಲ್ಲಿ, ಭಾರತದ ಬೀಟೆಗೆ ಬದಲಾಯಿಸಿದರು. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಜಾತಿಯೇ ಅದು. ನನ್ನ ಅಜ್ಜಿ ಮಲಗುತ್ತಿದ್ದ ಕಪ್ಪು ಮಂಚದ ಮರ! ಗಿಟಾರು ಪರದೇಶದ್ದು ಎಂದು ಮೂಗು ಮುರಿಯುವ ಮೊದಲು ಇದನ್ನು ನೆನೆಯಬೇಕು.

ಗಿಟಾರಿಗೆ ಇಂದಿನ ಮೈಕಟ್ಟು ಕೊಟ್ಟವನು ಸ್ಪೇನಿನ ಅಂತೋನಿಯೊ ದೆ ತೋರೆಸ್ (1817–1892). ಅವನೂ ಮೊದಲಿಗೆ ಬಡಗಿಯೇ. ನಾದ ಹುಟ್ಟುವುದು ಬೆನ್ನಿನ ಮರದಿಂದಲ್ಲ, ಮುಂದಿನ ಹಲಗೆಯಿಂದ ಎಂಬುದು ಅವನ ನಂಬಿಕೆ. ಅದನ್ನು ತೋರಿಸಲೆಂದೇ 1862ರಲ್ಲಿ ಬೆನ್ನು, ಪಕ್ಕೆಗಳನ್ನು ರಟ್ಟಿನಿಂದ ಮಾಡಿ, ಮುಂದಿನ ಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿ ಒಂದು ಗಿಟಾರು ಕಟ್ಟಿದ. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಅದು ಇದೆ. ನನ್ನದು ಪ್ಲೈವುಡ್ಡಿನ ಅಗ್ಗದ ಗಿಟಾರು. ರಟ್ಟಿನದ್ದೇ ನುಡಿದೀತಾದರೆ ಇದು ಯಾಕೆ ನುಡಿಯಬಾರದು ಎಂದು ನನಗೆ ಧೈರ್ಯ ಬಂತು.

ಇನ್ನು ಕೈ ಕೆಲಸ. ವೀಣೆ ಕಂಡವರಿಗೆ ಗಿಟಾರು ಅಪರಿಚಿತವಲ್ಲ. ತಂತಿ ಬಿಗಿಯುವ ಬಿರಡೆ ಇಲ್ಲಿಯೂ ಉಂಟು. ತಂತಿಯನ್ನು ಹೊರುವ ಪಟ್ಟಿಗೆ ವೀಣೆಯಲ್ಲಿ ಕುದುರೆ ಎನ್ನುತ್ತಾರೆ, ಗಿಟಾರಿನಲ್ಲಿ ಸ್ಯಾಡಲ್, ಎಂದರೆ ಜೀನು ಎನ್ನುತ್ತಾರೆ. ಎರಡು ಕಡೆಯೂ ಕುದುರೆ ಬಂದದ್ದು ನೋಡಿ ನಗು ಬಂತು. ವ್ಯತ್ಯಾಸವಿರುವುದು ಮೆಟ್ಟುಗಳಲ್ಲಿ. ವೀಣೆಯ 24 ಮೆಟ್ಟುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಮೇಣ ಜಾರಿದರೆ ಬಲ್ಲವರು ಕಿವಿಯಿಂದಲೇ ಅಳೆದು ಮತ್ತೆ ಕೂರಿಸುತ್ತಾರೆ. ಗಿಟಾರಿನ ಮೆಟ್ಟನ್ನು ಮರ ಸೀಳಿ ಹೊಡೆದಿರುತ್ತಾರೆ, ಅದು ಕದಲುವುದಿಲ್ಲ. ಹಾಗಾಗಿ ಎಲ್ಲಿ ಹೊಡೆಯಬೇಕೆಂಬ ಲೆಕ್ಕ ಮೊದಲೇ ಸರಿಯಾಗಿರಬೇಕು.

ಆ ಲೆಕ್ಕಕ್ಕೂ ಒಂದು ಕಥೆಯಿದೆ. 1581ರಲ್ಲಿ ಇಟಲಿಯ ವಿನ್ಸೆಂಜೊ ಗೆಲಿಲಿ ಎಂಬ ಸಂಗೀತಗಾರ ಲ್ಯೂಟ್ ಎಂಬ ವಾದ್ಯಕ್ಕೆ ಒಂದು ಸೂತ್ರ ಹೇಳಿದ. ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿರುವ ಗೆಲಿಲಿಯೋನ ತಂದೆ ಈತ. ಇಡೀ ತಂತಿಯ ಹದಿನೆಂಟನೆಯ ಒಂದು ಭಾಗದಲ್ಲಿ ಮೊದಲ ಮೆಟ್ಟು, ಉಳಿದ ತಂತಿಯ ಹದಿನೆಂಟನೆಯ ಒಂದು ಭಾಗದಲ್ಲಿ ಎರಡನೆಯದು, ಹೀಗೇ ಮುಂದಕ್ಕೆ. ಹನ್ನೆರಡನೆಯ ಮೆಟ್ಟಿಗೆ ಸ್ವರ ಮೇಲಿನ ಷಡ್ಜಕ್ಕೆ ಏರಬೇಕು, ಅಂದರೆ ತಂತಿ ಸರಿಯಾಗಿ ಅರ್ಧವಾಗಬೇಕು. ಒಂದು ರವಿವಾರ ಕಾಗದ ಹಿಡಿದು ಲೆಕ್ಕ ಹಾಕಿದೆ. 650 ಮಿಲಿಮೀಟರ್ ತಂತಿಗೆ ಉಳಿಯಬೇಕಾದ್ದು 325. ಹದಿನೆಂಟರ ಲೆಕ್ಕದಲ್ಲಿ ಉಳಿಯುವುದು 327ಕ್ಕೆ ಸ್ವಲ್ಪ ಹೆಚ್ಚು. ಎರಡು ಮಿಲಿಮೀಟರಿನ ಆ ತಪ್ಪು ಕಿವಿಗೆ ಗೊತ್ತಾಗುತ್ತದೆ. ಈಗ ಹದಿನೆಂಟರ ಬದಲು 17.817ರಿಂದ ಭಾಗಿಸುತ್ತಾರೆ, ಆಗ ಅರ್ಧಕ್ಕೆ ಅರ್ಧ ಸರಿಹೋಗುತ್ತದೆ. ನನ್ನ ಗಿಟಾರನ್ನು ಟೇಪಿನಿಂದ ಅಳೆದೆ. ಮೆಟ್ಟುಗಳು ಸರಿಯಾಗಿದ್ದವು. ಹಾಗಾದರೆ ರೋಗ ಕತ್ತಿನಲ್ಲಿ ಎಂಬುದು ಖಚಿತವಾಯಿತು.

ಆರು ಉಕ್ಕಿನ ತಂತಿಗಳು ಸೇರಿ ಕತ್ತನ್ನು ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಒಬ್ಬ ಆಳು ಹಗಲಿರುಳು ಜೋತುಬಿದ್ದಂತೆ! ಆ ಎಳೆತಕ್ಕೆ ಎದುರಾಗಿ ಕತ್ತಿನೊಳಗೆ ಒಂದು ಕಬ್ಬಿಣದ ಸರಳು ಇಟ್ಟಿರುತ್ತಾರೆ. ಅದರ ತುದಿಯ ತಿರುಪನ್ನು ಅಲೆನ್ ಕೀ ಹಾಕಿ ಬಿಗಿದರೆ ಮುಂದಕ್ಕೆ ಬಾಗಿದ ಕತ್ತು ಹಿಂದಕ್ಕೆ ಬರುತ್ತದೆ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿ, ಮರ ಹೊಂದಿಕೊಳ್ಳಲು ಬಿಟ್ಟು, ಮಾರನೆಯ ದಿನ ನೋಡಬೇಕು. ಹುಳಿ ಹಿಟ್ಟು ಉಬ್ಬಲು ಕಾಯುವ ನಮಗೆ ಈ ತಾಳ್ಮೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ದಿನಕ್ಕೆ ಕತ್ತು ನೆಟ್ಟಗಾಯಿತು. ಪೂರ್ತಿ ನೆಟ್ಟಗಲ್ಲ, ತಂತಿ ಅದುರಲು ಒಂದು ದಪ್ಪ ಕಾಗದದಷ್ಟು ಬಾಗು ಉಳಿದಿರಲೇಬೇಕು.

ಆದರೂ ತಂತಿ ಹನ್ನೆರಡನೆಯ ಮೆಟ್ಟಿನ ಮೇಲೆ 4 ಮಿಲಿಮೀಟರ್ ಎತ್ತರದಲ್ಲಿತ್ತು. ಎರಡೂವರೆ ಇದ್ದರೆ ಹಿತ. ಹನ್ನೆರಡನೆಯ ಮೆಟ್ಟು ತಂತಿಯ ನಡುವಿನಲ್ಲಿರುವುದರಿಂದ, ಅಲ್ಲಿ ಒಂದು ಇಳಿಯಬೇಕಾದರೆ ಕುದುರೆಯಲ್ಲಿ ಎರಡು ಇಳಿಸಬೇಕು. ಒಂದೂವರೆಗೆ ಮೂರು. ಕುದುರೆಯನ್ನು ಹೊರತೆಗೆದು, ಗಾಜಿನ ಮೇಲೆ ಪಾಲಿಶ್ ಪೇಪರ್ ಹಾಸಿ ಅದರ ತಳವನ್ನು ಉಜ್ಜಿದೆ. ಉತ್ಸಾಹ ಅತಿಯಾಯಿತು. ತಂತಿ ಹಾಕಿ ಮೀಟಿದರೆ ಮೆಟ್ಟಿಗೆ ತಗುಲಿ ತಗಡಿನಂತೆ ಝೇಂಕರಿಸಿತು. ಅಂಗಡಿಯಾತನ ನಗು ಕಿವಿಯಲ್ಲಿ ಕೇಳಿದಂತಾಯಿತು. ಎರಡು ದಿನ ಗಿಟಾರಿನ ಮುಖ ನೋಡಲಿಲ್ಲ. ಆಮೇಲೆ ಅಂಚೆಯಲ್ಲಿ ಇನ್ನೊಂದು ಕುದುರೆ ತರಿಸಿ, ಈ ಸಲ ಅರ್ಧರ್ಧ ಮಿಲಿಮೀಟರ್ ಉಜ್ಜುತ್ತ, ಪ್ರತಿ ಸಲವೂ ತಂತಿ ಹಾಕಿ ನೋಡುತ್ತ ಒಂದು ವಾರ ತೆಗೆದುಕೊಂಡೆ. ಎಂಟನೆಯ ದಿನ ಅಪಸ್ವರವಿಲ್ಲದ ಒಂದು ಸ್ವರ ಹೊರಟಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕೇಳಿದೆ.

ಹವ್ಯಾಸಕ್ಕೆ ಗಿಟಾರು ಕಟ್ಟಿದವರಲ್ಲಿ ಬಹುಶಃ ಎಲ್ಲರಿಗಿಂತ ಹೆಸರಾದವರು ಇಂಗ್ಲೆಂಡಿನ ಒಬ್ಬ ತಂದೆ, ಒಬ್ಬ ಮಗ. ಮಗ ಬ್ರಯಾನ್ ಮೇ, ಮುಂದೆ ಕ್ವೀನ್ ಎಂಬ ತಂಡದಲ್ಲಿ ಲೋಕಪ್ರಸಿದ್ಧನಾದವನು. ಅದೇ ತಂಡದ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಂಚಗಣಿಯ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ. ಒಳ್ಳೆಯ ಗಿಟಾರು ಕೊಳ್ಳಲು ಮೇ ಮನೆಯವರಲ್ಲಿ ದುಡ್ಡಿರಲಿಲ್ಲ. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು. 1963ರ ಆಗಸ್ಟಿನಲ್ಲಿ ಇಬ್ಬರೂ ಮನೆಯಲ್ಲೇ ಕಟ್ಟಲು ಕೂತರು. ಮುಗಿಯಲು ಎರಡು ವರ್ಷ ಹಿಡಿಯಿತು. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಸುತ್ತ ಹಾಕಿದ್ದ ಮಹಾಗನಿ ಮರ. ಅದರಲ್ಲಿ ಹುಳು ಕೊರೆದಿದ್ದ ತೂತುಗಳಿಗೆ ಬೆಂಕಿಕಡ್ಡಿ ತುಂಬಿ ಮುಚ್ಚಿದರು. ಮೈಗೆ ಹಳೆಯ ಮೇಜಿನ ಓಕ್. ತಂತಿಯ ಎಳೆತಕ್ಕೆ ಹಳೆಯ ಮೋಟಾರು ಸೈಕಲ್ಲಿನ ಸ್ಪ್ರಿಂಗುಗಳು. ಮುಂದೆ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಆ ಮಗ 2002ರಲ್ಲಿ ಬಕಿಂಗ್‌ಹ್ಯಾಂ ಅರಮನೆಯ ತಾರಸಿಯ ಮೇಲೆ ನಿಂತು ನುಡಿಸಿದ್ದು ಇದೇ ಗಿಟಾರನ್ನು.

ಈ ಕಥೆಯನ್ನು ಎಲ್ಲರೂ ತಂದೆ ಮಗನ ಕಥೆ ಎಂದೇ ಹೇಳುತ್ತಾರೆ. ನಾನು ಓದುವಾಗ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಮೆಟ್ಟುಗಳ ನಡುವಿನ ಬಿಳಿ ಚುಕ್ಕೆಗಳು ತಾಯಿಯ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರ ಅಲುಗಿಸುವ ಕಡ್ಡಿಯ ತುದಿಗೆ ಹಾಕಿದ್ದು ತಾಯಿಯ ಹೆಣಿಗೆ ಕಡ್ಡಿಯ ತುಂಡು. ಆ ತಾಯಿಯೂ ಬೆಳಕು ಹಿಡಿದು ನಿಂತಿದ್ದಳೋ ಏನೋ!

ಹಾಗಾದರೆ ಹೆಂಗಸರು ಗಿಟಾರು ಮಾಡಿಯೇ ಇಲ್ಲವೇ? ಇದಕ್ಕೆ ಉತ್ತರ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ ಸಿಕ್ಕಿತು. ಅಲ್ಲಿ ಆರ್ವಿಲ್ ಗಿಬ್ಸನ್ ಎಂಬಾತ ಪಾದರಕ್ಷೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದು, ಬಿಡುವಿನಲ್ಲಿ ವಾದ್ಯ ಮಾಡುತ್ತಿದ್ದ. ಅವನ ಹೆಸರಿನಲ್ಲಿ 1902ರಲ್ಲಿ ಗಿಬ್ಸನ್ ಕಂಪನಿ ಹುಟ್ಟಿತು. ಕತ್ತಿನೊಳಗಿನ ಬಿಗಿಯುವ ಸರಳಿಗೆ 1920ರ ದಶಕದ ಮೊದಲಲ್ಲಿ ಪೇಟೆಂಟು ಪಡೆದವನು ಅದೇ ಕಾರ್ಖಾನೆಯ ನೌಕರ ಥ್ಯಾಡಿಯಸ್ ಮೆಕ್‌ಹ್ಯೂ.

ಎರಡನೆಯ ಮಹಾಯುದ್ಧ ಬಂತು. 1942ರ ಹೊತ್ತಿಗೆ ಗಂಡಸರು ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೊರಟುಹೋದರು. ಕಾರ್ಖಾನೆ ಊರಿನ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿತು. ಅವರಲ್ಲಿ ಹೆಚ್ಚಿನವರು ಅದುವರೆಗೆ ವಾದ್ಯದ ಕೆಲಸ ಮಾಡಿದವರಲ್ಲ. ಮರ ಉಜ್ಜುವುದು, ಒಳಗಿನ ಪಟ್ಟಿ ಅಂಟಿಸುವುದು, ತಂತಿ ಸುತ್ತುವುದು ಎಲ್ಲವನ್ನೂ ಕಲಿತು ಯುದ್ಧ ಮುಗಿಯುವವರೆಗೆ ಸಾವಿರಾರು ಗಿಟಾರು ಮಾಡಿದರು. ಆ ಕಾಲದ ಗಿಟಾರುಗಳ ತಲೆಯ ಮೇಲೆ, ಗಿಬ್ಸನ್ ಮಾತ್ರವೇ ಸಾಕಷ್ಟು ಒಳ್ಳೆಯದು ಎಂಬರ್ಥದ ಮಾತನ್ನು ಒಂದು ಪಟ್ಟಿಯೊಳಗೆ ಬರೆದಿರುತ್ತಾರೆ. ಅದರಿಂದ ಅವಕ್ಕೆ 'ಬ್ಯಾನರ್' ಗಿಟಾರು ಎಂದೇ ಹೆಸರು. ಹಳೆಯ ಗಿಟಾರು ಕೂಡಿಡುವವರು ಇಂದು ಅವನ್ನು ಹುಡುಕಿಕೊಂಡು ಹೋಗುತ್ತಾರೆ.

ಕಂಪನಿ ಹೇಳಿಕೊಂಡು ಬಂದದ್ದು ಬೇರೆಯೇ. ಯುದ್ಧಕಾಲದಲ್ಲಿ ನಾವು ಗಿಟಾರು ಮಾಡುವುದನ್ನು ನಿಲ್ಲಿಸಿ ಯುದ್ಧದ ಸಾಮಾನು ಮಾಡಿದೆವು ಎಂದು ಅದರ ಚರಿತ್ರೆ. ಮಾಡಿದವರೂ ಇಲ್ಲ, ಮಾಡಿದ್ದೂ ಇಲ್ಲ! ಎಷ್ಟೋ ದಶಕಗಳ ಮೇಲೆ ಜಾನ್ ಥಾಮಸ್ ಎಂಬ ಕಾನೂನು ಪ್ರಾಧ್ಯಾಪಕರ ಕಣ್ಣಿಗೆ ಒಂದು ಹಳೆಯ ಫೋಟೊ ಬಿತ್ತು. ಕಾರ್ಖಾನೆಯ ಬಾಗಿಲ ಮುಂದೆ ಸಾಲುಸಾಲಾಗಿ ನಿಂತ ಹೆಂಗಸರು. ಗಿಟಾರು ಮಾಡದ ಕಾರ್ಖಾನೆಯಲ್ಲಿ ಇವರೇನು ಮಾಡುತ್ತಿದ್ದರು? ಅವರು ಊರೂರು ಅಲೆದು, ಇನ್ನೂ ಬದುಕಿದ್ದ ಕೆಲವು ಮುದುಕಿಯರನ್ನು ಪತ್ತೆ ಹಚ್ಚಿ ಮಾತಾಡಿಸಿದರು. ಹಳೆಯ ಗಿಟಾರುಗಳನ್ನು ಎಕ್ಸ್‌ರೇ ಹಿಡಿಸಿ ಹೋಲಿಸಿದಾಗ, ಹೆಂಗಸರು ಮಾಡಿದವುಗಳ ಒಳಗಿನ ಪಟ್ಟಿಗಳು ಹೆಚ್ಚು ನವಿರಾಗಿರುವುದು ಕಂಡಿತು ಎನ್ನುತ್ತಾರೆ. ಹೆಂಗಸರು ಮಾಡಿದ ವಾದ್ಯವೆಂದು ತಿಳಿದರೆ ಗಿರಾಕಿ ಕೊಳ್ಳಲಾರನೆಂಬ ಭಯಕ್ಕೆ ಕಂಪನಿ ಸುಮ್ಮನಿದ್ದಿರಬೇಕೆಂಬುದು ಅವರ ಊಹೆ. 2010ರ ದಶಕದಲ್ಲಿ ಅವರು ಬರೆದ 'ಕಲಮಜೂ ಗ್ಯಾಲ್ಸ್' ಎಂಬ ಪುಸ್ತಕದಿಂದ ಆ ಹೆಂಗಸರಿಗೆ ಹೆಸರು ಬಂತು. ಅಷ್ಟು ಹೊತ್ತಿಗೆ ಹಲವರು ಇರಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ಕೆಲಸ ಕಲಿಸದೆ ಇರುವುದು ಒಂದು ಬಗೆ. ಕಲಿತು ಮಾಡಿದ ಕೆಲಸವನ್ನು ಇಲ್ಲವೆನ್ನುವುದು ಇನ್ನೊಂದು ಬಗೆ. ಮೊದಲನೆಯದನ್ನು ಅಪ್ಪಯ್ಯನಂಥ ಒಳ್ಳೆಯವರೂ ಯೋಚಿಸದೆ ಮಾಡುತ್ತಾರೆ. ಎರಡನೆಯದನ್ನು ಯೋಚಿಸಿಯೇ ಮಾಡಬೇಕು.

ಕಾಲ ಬದಲಾಗಿಲ್ಲವೆಂದು ಹೇಳಲಾರೆ. 1966ರಲ್ಲಿ ಇರ್ವಿಂಗ್ ಸ್ಲೋನ್ ಎಂಬಾತ ಮನೆಯಲ್ಲಿ ಗಿಟಾರು ಕಟ್ಟುವುದನ್ನು ಹಂತಹಂತವಾಗಿ ಫೋಟೊ ಸಹಿತ ವಿವರಿಸಿ ಪುಸ್ತಕ ಬರೆದ. ಗುರುಮನೆಯೊಳಗಿನ ಗುಟ್ಟು ಬೀದಿಗೆ ಬಂತು. 1974ರಲ್ಲಿ ಕೆನಡಾದ ಲಿಂಡಾ ಮಾನ್ಜರ್ ಎಂಬ ಹುಡುಗಿ ಹೆಸರಾಂತ ತಯಾರಕ ಲಾರಿವೇ ಅವರ ಬಳಿ ಶಿಷ್ಯಳಾಗಿ ಸೇರಿದಳು. ಹತ್ತು ವರ್ಷಕ್ಕೆ, ಪ್ಯಾಟ್ ಮೆಥೀನಿ ಎಂಬ ಕಲಾವಿದ ಆದಷ್ಟು ಹೆಚ್ಚು ತಂತಿಗಳ ಗಿಟಾರು ಬೇಕೆಂದಾಗ, 42 ತಂತಿಗಳ, ನಾಲ್ಕು ಕತ್ತಿನ ಗಿಟಾರನ್ನು ಕಟ್ಟಿ ಕೊಟ್ಟಳು. ಆಕೆಯ ಹೆಸರನ್ನು ಯಾರೂ ಮುಚ್ಚಿಡಲಿಲ್ಲ.

ನನ್ನ ವಿದ್ಯೆ ಅಷ್ಟು ದೂರದ್ದಲ್ಲ. ಊರಿನಲ್ಲಿ ಸುದ್ದಿಯಾಗಿ ಈಗ ವರ್ಷಕ್ಕೆ ಆರೇಳು ಗಿಟಾರು ನಮ್ಮ ಜಗುಲಿಗೆ ಬರುತ್ತವೆ. ತಂತಿ ಬದಲಿಸುತ್ತೇನೆ, ಕತ್ತು ನೆಟ್ಟಗೆ ಮಾಡುತ್ತೇನೆ, ಕುದುರೆ ಉಜ್ಜುತ್ತೇನೆ. ಒಂದು ಮಳೆಗಾಲದ ಸಂಜೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಅಣ್ಣನ ಗಿಟಾರು ಹೊತ್ತು ತಂದಳು. ಕರೆಂಟು ಹೋಗಿತ್ತು. ನಾನು ತಿರುಪು ಬಿಗಿಯತೊಡಗಿದಾಗ ಅವಳು ತಾನಾಗಿಯೇ ನನ್ನ ಟಾರ್ಚು ಎತ್ತಿಕೊಂಡು ಬೆಳಕು ಬಿಟ್ಟಳು. ಕೈ ಚೂರೂ ಅಲುಗುತ್ತಿರಲಿಲ್ಲ.

ಟಾರ್ಚು ಇಸಿದುಕೊಂಡು ಅಲೆನ್ ಕೀಯನ್ನು ಅವಳ ಕೈಗೆ ಕೊಟ್ಟೆ. "ನಾನಾ ಟೀಚರ್? ಮುರಿದುಹೋದರೆ?" ಎಂದಳು.

"ಕಾಲು ಸುತ್ತು ಮಾತ್ರ. ಮುರಿಯೋದಿಲ್ಲ" ಎಂದೆ. ತುಟಿ ಕಚ್ಚಿ ತಿರುಗಿಸಿದಳು. ತಂತಿ ಮೀಟಿದಳು. ಝುಂಯ್ ಎಂದಿತು. ಅವಳ ಮುಖ ಸಣ್ಣದಾಯಿತು.

"ಜಾಸ್ತಿ ಆಯಿತು. ಸ್ವಲ್ಪ ಹಿಂದಕ್ಕೆ ತಿರುಗಿಸು" ಎಂದು ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದೆ.